ಮಳೆ ಬಂದ ಮರುದಿನ ಹಳೇ ಕಾರು ಮಿಸ್ ಹೊಡೆಯುತ್ತದೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಂದೇ ಬದಲಿಸಿದರೆ ಸಾಕಾ?

ಪ್ರಶ್ನೆ:
ನಮ್ಮದು ಹಳೇ ಕಾರ್ಬುರೇಟರ್ ಗಾಡಿ, ನಾಲ್ಕು ಸಿಲಿಂಡರ್. ಬಿಸಿಲಿದ್ದರೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಮಳೆ ಬಂದ ಮರುದಿನ ಬೆಳಿಗ್ಗೆ ಮಾತ್ರ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ, ಹಿಡಿದರೂ ಎಂಜಿನ್ ಬಿಸಿಯಾಗುವ ತನಕ ನಡುಗುತ್ತಾ ಮಿಸ್ ಹೊಡೆಯುತ್ತದೆ. ಪ್ಲಗ್ ಹೊಸದು. ನಿನ್ನೆ ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್ ಬಿಚ್ಚಿದೆ. ಒಳಗೆ ಎರಡು ಟರ್ಮಿನಲ್ ನಡುವೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ಸಣ್ಣ ಕಪ್ಪು ಗೆರೆ ಇದೆ, ಒರೆಸಿದರೂ ಹೋಗಲಿಲ್ಲ. ಉಜ್ಜಿ ತೆಗೆದರೆ ಸಾಕಾ? ಕ್ಯಾಪಿನೊಳಗೆ ತಿರುಗುತ್ತಾ ಒಂದೊಂದೇ ಟರ್ಮಿನಲ್ಲಿಗೆ ಕರೆಂಟ್ ಕೊಡುವ ರೋಟರ್ ಮೇಲಿಂದ ಚೆನ್ನಾಗೇ ಕಾಣುತ್ತದೆ. ಬದಲಿಸಿದರೆ ಟೈಮಿಂಗ್ (ಕಿಡಿ ಹಾರುವ ಸರಿಯಾದ ಕ್ಷಣ) ಹೋಗುತ್ತದೇನೋ ಅನ್ನೋ ಭಯವೂ ಇದೆ.

ಉತ್ತರ 1:
ತೊಂದರೆ ಆ ಗೆರೆಯಲ್ಲೇ ಇದೆ ಸರ್. ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ಅದನ್ನು ಹಿಡಿದು ಪಕ್ಕದ ಟರ್ಮಿನಲ್ಲಿಗೆ ಹರಿಯುತ್ತಿದೆ. ತೇವ ಕೂತರೆ ಇನ್ನೂ ಸುಲಭ. ಅಲ್ಲಿ ಪ್ಲಾಸ್ಟಿಕ್ಕೇ ಸುಟ್ಟು ಕಾರ್ಬನ್ ಆಗಿರುತ್ತದೆ, ಉಜ್ಜಿದರೆ ಸ್ವಲ್ಪ ದಿನ ಸರಿ ಅನ್ನಿಸಬಹುದು, ಆಮೇಲೆ ಅದೇ ಜಾಗದಲ್ಲಿ ಮತ್ತೆ ಗೆರೆ ಮೂಡುತ್ತದೆ. ಕ್ಯಾಪ್ ಬದಲಿಸಿ, ಜೊತೆಗೆ ರೋಟರ್ ಕೂಡ. ಅದರ ತುದಿ ಸವೆದರೆ ಅಂತರ ಜಾಸ್ತಿಯಾಗಿ ಕಿಡಿ ಹಾರೋಕೆ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ, ಹೊಸ ಕ್ಯಾಪಿಗೂ ಅದೇ ಗತಿ. ಟೈಮಿಂಗ್ ಬಗ್ಗೆ ಭಯ ಬೇಡ. ಡಿಸ್ಟ್ರಿಬ್ಯೂಟರ್ ಬಾಡಿಯ ಬೋಲ್ಟ್ ಸಡಿಲ ಮಾಡದಿದ್ದರೆ ಅದು ಕದಲುವುದಿಲ್ಲ.

ಉತ್ತರ 2:
ವೈರ್ ಬಗ್ಗೆ ಹುಷಾರು. ನಾನು ಮೊದಲ ಸಲ ನಾಲ್ಕೂ ವೈರ್ ಒಟ್ಟಿಗೆ ಕಿತ್ತೆ, ಹಾಕುವಾಗ ಎರಡು ಅದಲು ಬದಲಾಗಿ ಕಾರ್ಬುರೇಟರಿನಿಂದ ಢಂ ಅಂತ ಹೊಡೆಯಿತು, ಅರ್ಧ ದಿನ ಅದರಲ್ಲೇ ಹೋಯಿತು. ಹೊಸ ಕ್ಯಾಪನ್ನು ಹಳೆಯದರ ಪಕ್ಕದಲ್ಲಿ ಅದೇ ದಿಕ್ಕಿಗೆ ಹಿಡಿದು ಒಂದೊಂದೇ ವೈರ್ ದಾಟಿಸಿ. ವೈರ್ ಹಿಡಿದು ಎಳೆಯಬೇಡಿ, ರಬ್ಬರ್ ಬೂಟ್ ಹಿಡಿದು ಸ್ವಲ್ಪ ತಿರುಗಿಸಿ ಎಳೆಯಿರಿ. ನಾಲ್ಕು ಸಿಲಿಂಡರಿನಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) ಸಾಮಾನ್ಯವಾಗಿ 1-3-4-2 ಇರುತ್ತದೆ, ಆದರೆ ಎಲ್ಲ ಗಾಡಿಗೂ ಅದೇ ಅಲ್ಲ, ರೋಟರ್ ತಿರುಗುವ ದಿಕ್ಕೂ ಬೇರೆ ಬೇರೆ, ಮ್ಯಾನುಯಲ್ ನೋಡಿ.

ಉತ್ತರ 3:
ಹಳೇ ರೋಟರ್ ಕಿತ್ತು ಅಡಿಭಾಗ ನೋಡಿ, ಮೇಲಿಂದ ಏನೂ ಗೊತ್ತಾಗಲ್ಲ. ಹೊಸ ಕ್ಯಾಪಿನ ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗ್ ಮೇಲೆ ಕೂತಿದ್ದರೆ ಬೆರಳಲ್ಲಿ ಒತ್ತಿ, ಬಿಟ್ಟ ತಕ್ಷಣ ಈಚೆ ಬರಬೇಕು. ರೋಟರ್ ಶಾಫ್ಟಿನ ಕಚ್ಚಿನಲ್ಲಿ ಸರಿಯಾಗಿ ಕೂರಲಿ. ಅರ್ಧ ಕೂತರೆ ಸೆಲ್ಫ್ ಹೊಡೆದ ತಕ್ಷಣ ಕ್ಯಾಪಿಗೆ ತಾಗಿ ಎರಡೂ ಒಡೆಯುತ್ತವೆ.

ಪ್ರಶ್ನೆ ಕೇಳಿದವರು:
ಎರಡೂ ಬದಲಿಸಿದೆ. ರೋಟರ್ ಅಡಿಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ಸುಟ್ಟ ತೂತು ಇತ್ತು, ಕರೆಂಟ್ ಅಲ್ಲಿಂದ ಶಾಫ್ಟಿಗೇ ಇಳಿಯುತ್ತಿತ್ತು ಅಂತ ಕಾಣುತ್ತದೆ. ನೀವು ಹೇಳದಿದ್ದರೆ ಹಳೇದನ್ನೇ ಹಾಕುತ್ತಿದ್ದೆ. ಇವತ್ತು ಬೆಳಿಗ್ಗೆ ಮಳೆಯಲ್ಲೇ ಒಂದೇ ಸೆಲ್ಫಿಗೆ ಹಿಡಿಯಿತು. ಆದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದಾಗ ಮೂರನೇ ವೈರಿನ ಹತ್ತಿರ ನೀಲಿ ಕಿಡಿ ಮಿಣುಕುತ್ತಿತ್ತು. ವೈರ್ ಸೆಟ್ಟೂ ಬದಲಿಸುತ್ತೇನೆ.