ಹಳೆಯ ಆಟಕ್ಕೆ ಹೊಸ ಇಂಟರ್‌ಫೇಸ್: ದೂರು ಕೊಟ್ಟು ಪ್ರಯೋಜನವಿದೆಯೇ?

ಪ್ರಶ್ನೆ

ಹಲವು ವರ್ಷಗಳಿಂದ ಆಡುತ್ತಿರುವ ಆನ್‌ಲೈನ್ ಆಟವೊಂದರ ಇಂಟರ್‌ಫೇಸನ್ನು ಇತ್ತೀಚಿನ ಅಪ್‌ಡೇಟಿನಲ್ಲಿ ಪೂರ್ತಿ ಬದಲಾಯಿಸಿದ್ದಾರೆ. ಪರದೆಯ ಬಲ ಅಂಚಿನಲ್ಲಿ ಸದಾ ತೆರೆದಿರುತ್ತಿದ್ದ ಸಾಮಾನಿನ ಚೀಲ ಈಗ ದುಂಡನೆಯ ಐಕಾನೊಂದರ ಹಿಂದೆ ಅಡಗಿದೆ. ಚಾಟ್ ವಿಂಡೋ ನೋಡುನೋಡುತ್ತಿದ್ದಂತೆ ಮಸುಕಾಗಿ ಮಾಯವಾಗುತ್ತದೆ. ಎಲ್ಲಕ್ಕಿಂತ ಕಿರಿಕಿರಿಯೆಂದರೆ, ವಸ್ತು ಮಾರುವಾಗ ಬರುವ ‘ಒಪ್ಪಿಗೆ’ ಮತ್ತು ‘ರದ್ದು’ ಬಟನ್‌ಗಳು ಅದಲುಬದಲಾಗಿವೆ. ಓದುವ ಮೊದಲೇ ಕೈ ಹಳೆಯ ಜಾಗವನ್ನು ಒತ್ತಿರುತ್ತದೆ. ಹಿಂದಿನ ರೂಪಕ್ಕೆ ಮರಳುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಇದು ಕೇವಲ ರೂಢಿಯ ಪ್ರಶ್ನೆಯೇ, ಇಲ್ಲವೇ ಕಂಪನಿಗೆ ದೂರು ಬರೆಯುವುದರಲ್ಲಿ ಅರ್ಥವಿದೆಯೇ?

ಉತ್ತರ 1

ನೀವು ಹೇಳಿದ ಮೂರು ತೊಂದರೆಗಳು ಒಂದೇ ಜಾತಿಯವಲ್ಲ. ಬಟನ್‌ಗಳ ಅದಲುಬದಲು ಬಹುಪಾಲು ರೂಢಿಯ ತೊಂದರೆ. ಕೆಲವು ವಾರಗಳಲ್ಲಿ ಕೈ ಹೊಸ ಜಾಗಕ್ಕೆ ಒಗ್ಗಿಕೊಳ್ಳಬಹುದು, ಆದರೆ ಅಷ್ಟರೊಳಗೆ ಬೆಲೆಬಾಳುವ ವಸ್ತು ಕೈಬಿಟ್ಟುಹೋದರೆ ಹೊಣೆ ಯಾರು ಎಂಬುದು ಬೇರೆ ಮಾತು. ಚೀಲದ ವಿಷಯ ಹಾಗಲ್ಲ. ಗುರಿ ಹತ್ತಿರವೂ ದೊಡ್ಡದೂ ಆದಷ್ಟು ಅದನ್ನು ಬೇಗ ಮುಟ್ಟಬಹುದೆಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಸೂತ್ರರೂಪದಲ್ಲಿ ತೋರಿಸಿದ್ದಾರೆ. ಪೂರ್ಣ ಪರದೆಯಲ್ಲಿ ಆಡುವಾಗ ಮೌಸ್ ಬಾಣ ಅಂಚನ್ನು ದಾಟಿ ಹೋಗಲಾರದು, ಆದ್ದರಿಂದ ಅಂಚಿಗೆ ತಾಗಿಕೊಂಡಿರುವ ಬಟನ್ನಿನತ್ತ ಮೌಸನ್ನು ಎಷ್ಟೇ ಜೋರಾಗಿ ಎಳೆದರೂ ಗುರಿ ತಪ್ಪುವುದಿಲ್ಲ; ಅದೇ ಬಟನ್ ನಾಲ್ಕು ಬೆರಳು ಒಳಗೆ ಸರಿದರೆ ಪ್ರತಿ ಸಲವೂ ಗುರಿಯಿಟ್ಟು ನಿಲ್ಲಿಸಬೇಕಾಗುತ್ತದೆ. ಎಷ್ಟೇ ರೂಢಿಯಾದರೂ ಈ ನಷ್ಟ ಪೂರ್ತಿ ತುಂಬುವುದಿಲ್ಲ. ಆದ್ದರಿಂದ ದೂರಿಗೆ ಗಟ್ಟಿ ಆಧಾರ ಚೀಲವೇ ಹೊರತು ಬಟನ್ ಅಲ್ಲ.

ಉತ್ತರ 2

ಕಂಪನಿಯ ಪರವಾಗಿಯೂ ಒಂದು ಮಾತು. ಬಹುಕಾಲದಿಂದ ನಡೆಯುತ್ತಿರುವ ಆಟವನ್ನು ಮೊಬೈಲಿಗೋ ಗೇಮ್‌ಪ್ಯಾಡಿಗೋ ತರುವಾಗ, ಎರಡು ಇಂಟರ್‌ಫೇಸ್‌ಗಳನ್ನು ಒಟ್ಟಿಗೆ ಸಾಕುವುದೆಂದರೆ ಪ್ರತಿ ಹೊಸ ಅಪ್‌ಡೇಟನ್ನೂ ಎರಡೆರಡು ಬಾರಿ ಪರೀಕ್ಷಿಸಬೇಕೆಂದು ಅರ್ಥ. ದುಂಡನೆಯ ಐಕಾನ್ ಬೆರಳಿಗಾಗಿ ಮಾಡಿದ್ದು, ಮೌಸಿಗಲ್ಲ ಎಂಬುದು ನನ್ನ ಊಹೆ.

ಉತ್ತರ 3

ದೂರಿನಿಂದ ಫಲವಿಲ್ಲ ಎನ್ನಲಾಗದು. 2012ರ ನವೆಂಬರ್‌ನಲ್ಲಿ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ತನ್ನ ಯುದ್ಧದ ವಿಧಾನವನ್ನೂ ಅದರೊಂದಿಗೆ ಪರದೆಯ ಪಟ್ಟಿಗಳನ್ನೂ ಬದಲಿಸಿದಾಗ ಹಳಬರಲ್ಲಿ ಅನೇಕರು ಆಟ ಬಿಟ್ಟರು. ಮರುವರ್ಷದ ಫೆಬ್ರವರಿಯಲ್ಲಿ, ಆಟಗಾರರ ಮತ ಪಡೆದು, 2007ರ ಆಗಸ್ಟ್‌ನ ಪ್ರತಿಯಿಂದ ಓಲ್ಡ್ ಸ್ಕೂಲ್ ರೂನ್‌ಸ್ಕೇಪನ್ನು ಪ್ರತ್ಯೇಕವಾಗಿ ಆರಂಭಿಸಲಾಯಿತು. ಅಲ್ಲಿ ಹೊಸ ವಿಷಯಗಳನ್ನು ಮತಕ್ಕಿಡುವ ಪದ್ಧತಿ ಬಂತು, ಮೊದಲಿಗೆ ಶೇ. 75ರಷ್ಟು ಒಪ್ಪಿಗೆ ಬೇಕಿತ್ತು. ಇಷ್ಟು ದೊಡ್ಡ ಹಿಂದೆಗೆತ ಅಪರೂಪ, ಅದನ್ನು ನೆಚ್ಚಿ ಕೂರಬೇಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇನ್ನೊಂದು ಆನ್‌ಲೈನ್ ಆಟ ಹಿಡಿದ ದಾರಿಯೇ ಹೆಚ್ಚು ನಡೆಯುವಂಥದ್ದು: 2022ರಲ್ಲಿ ಪರದೆಯನ್ನು ಹೊಸದಾಗಿ ವಿನ್ಯಾಸಗೊಳಿಸಿದಾಗ, ಪಟ್ಟಿಗಳನ್ನು ಬೇಕಾದಲ್ಲಿಗೆ ಎಳೆದು ಕೂರಿಸಿಕೊಳ್ಳುವ ‘ಎಡಿಟ್ ಮೋಡ್’ ಅನ್ನೂ ಜೊತೆಗೇ ಕೊಟ್ಟರು.

ಆದ್ದರಿಂದ ‘ಹಳೆಯದನ್ನೇ ಮರಳಿ ಕೊಡಿ’ ಎಂದು ಬರೆಯುವುದಕ್ಕಿಂತ ‘ಚೀಲವನ್ನು ಅಂಚಿನಲ್ಲಿ ತೆರೆದಿಡುವ ಆಯ್ಕೆ ಕೊಡಿ’ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಚೀಲದ ಕುರಿತು ಹಳೆಯ ಮತ್ತು ಹೊಸ ಪರದೆಯ ಚಿತ್ರಗಳೊಂದಿಗೆ ದೂರು ಬರೆಯುತ್ತೇನೆ. ಬಟನ್‌ಗಳ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ: ಮಾರಿದ ವಸ್ತುವನ್ನು ಮರಳಿ ಪಡೆಯಲಾಗದ ಆಟದಲ್ಲಿ ಅವನ್ನು ಅದಲುಬದಲು ಮಾಡುವುದು ರೂಢಿಯ ತೊಂದರೆಯಷ್ಟೇ ಆಗಲಾರದು.

ಉತ್ತರ 1 ಬರೆದವರಿಂದ

ಹಾಗಿದ್ದರೆ ಅದನ್ನು ಬೇರೆಯೇ ದೂರಾಗಿ ಸಲ್ಲಿಸಿ. ಬಟನ್‌ಗಳನ್ನು ಹಿಂದಿನ ಜಾಗಕ್ಕೆ ತರಲು ಅವರು ಒಪ್ಪದಿದ್ದರೂ, ಮಾರಿದ್ದನ್ನು ಸ್ವಲ್ಪ ಹೊತ್ತಿನೊಳಗೆ ಅದೇ ಬೆಲೆಗೆ ಮರಳಿ ಕೊಳ್ಳುವ ಸೌಲಭ್ಯವನ್ನಾದರೂ ಕೇಳಬಹುದು. ಅಂಥದ್ದು ಅನೇಕ ಆಟಗಳಲ್ಲಿ ಈಗಾಗಲೇ ಇದೆ.