ರೇಸಿಸಂ, ಹೆಲ್ತ್ ಇನ್‌ಇಕ್ವಿಟಿ: ವೈದ್ಯಕೀಯ ಬೋಧಕರ ಪಾಠಕ್ಕೆ ಒಪ್ಪುವ ಕನ್ನಡ ಪದಗಳು ಯಾವುವು?

ಮಾನ್ಯರೇ,

ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ಬೋಧಕರಿಗೇ ರೇಸಿಸಂ ಕುರಿತು ತರಬೇತಿ ನೀಡುವ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ರೇಸ್, ರೇಸಿಸಂ, ಹೆಲ್ತ್ ಇನ್‌ಇಕ್ವಿಟಿ ಎಂಬ ಪದಗಳಿಗೆ ಒಪ್ಪುವ ಕನ್ನಡ ರೂಪಗಳನ್ನು ತಮ್ಮಿಂದ ತಿಳಿಯಬಯಸುತ್ತೇನೆ.

ರೇಸಿಸಂ ಎಂಬುದಕ್ಕೆ ಪತ್ರಿಕೆಗಳಲ್ಲಿ ‘ವರ್ಣಭೇದ’, ‘ಜನಾಂಗೀಯ ದ್ವೇಷ’, ‘ಜನಾಂಗೀಯ ತಾರತಮ್ಯ’ ಎಂಬ ಮೂರೂ ಬಳಕೆಯಲ್ಲಿವೆ. ‘ವರ್ಣಭೇದ’ ಎಂದೊಡನೆ ದಕ್ಷಿಣ ಆಫ್ರಿಕದ ಹಳೆಯ ಆಡಳಿತ ನೀತಿ ನೆನಪಾಗುತ್ತದೆ. ಚಾತುರ್ವರ್ಣ್ಯದ ನೆರಳೂ ಆ ಪದದ ಮೇಲಿದೆ. ‘ದ್ವೇಷ’ವಾದರೋ ಮನಸ್ಸಿನ ಭಾವ. ಬೋಧಕರು ಗುರುತಿಸಲು ಕಲಿಯಬೇಕಾಗಿರುವುದು, ಯಾರೂ ಯಾರನ್ನೂ ದ್ವೇಷಿಸದಿರುವಾಗಲೂ ಸೂತ್ರ, ಉಪಕರಣ, ಪಠ್ಯಗಳ ಮೂಲಕ ನಡೆದುಹೋಗುವ ಅನ್ಯಾಯವನ್ನು.

ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟದಿಂದ ಮೂತ್ರಪಿಂಡದ ಸೋಸುವ ಸಾಮರ್ಥ್ಯವನ್ನು ಅಂದಾಜಿಸುವ 2009ರ ಸೂತ್ರವನ್ನೇ ನೋಡಿ. ರೋಗಿಯು ಕಪ್ಪುವರ್ಣೀಯರೆಂದು ದಾಖಲಾಗಿದ್ದರೆ ಅದು ಫಲಿತಾಂಶವನ್ನು 1.159ರಿಂದ ಗುಣಿಸುತ್ತಿತ್ತು. ವಯಸ್ಸು, ಲಿಂಗ, ಕ್ರಿಯಾಟಿನಿನ್ ಎಲ್ಲವೂ ಒಂದೇ ಆಗಿದ್ದರೂ ಇತರರಿಗೆ 18 ಬರುವಲ್ಲಿ ಇವರಿಗೆ ಸುಮಾರು 20.9 ಬರುತ್ತಿತ್ತು. ಅಮೆರಿಕದಲ್ಲಿ ಡಯಾಲಿಸಿಸ್ ಇನ್ನೂ ಆರಂಭವಾಗದ ವಯಸ್ಕರಿಗೆ ಮೂತ್ರಪಿಂಡ ಕಸಿಯ ಸರದಿಯ ಕಾಲ ಎಣಿಕೆಯಾಗುವುದು ಈ ಸಂಖ್ಯೆ 20ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದ ಮೇಲೆಯೇ. ಹೀಗಾಗಿ ಮೊದಲನೆಯವರ ಎಣಿಕೆ ಶುರುವಾಗುತ್ತಿತ್ತು, ಎರಡನೆಯವರದು ಆಗುತ್ತಿರಲಿಲ್ಲ. 2021ರ ಹೊಸ ಸೂತ್ರದಲ್ಲಿ ಈ ಗುಣಕವನ್ನು ಕೈಬಿಡಲಾಯಿತು. ಅದನ್ನು ಅಷ್ಟು ಕಾಲ ಪಾಠ ಹೇಳಿದ ಬೋಧಕರಲ್ಲಿ ದ್ವೇಷವಿದ್ದಿರಬೇಕೆಂದೇನೂ ಇಲ್ಲ. ಇಲ್ಲಿ ‘ಜನಾಂಗೀಯ ದ್ವೇಷ’ ಎಂದು ಬರೆದರೆ ಓದುಗರು ತಪ್ಪಿತಸ್ಥರನ್ನು ಹುಡುಕತೊಡಗುತ್ತಾರೆ, ಸೂತ್ರ ಮರೆಯಾಗುತ್ತದೆ. ತರತಮ ಮಾಡುವುದನ್ನು ಹೇಳುವ ‘ತಾರತಮ್ಯ’ಕ್ಕೆ ಭಾವದ ಹಂಗಿಲ್ಲವಾದ್ದರಿಂದ ‘ಜನಾಂಗೀಯ ತಾರತಮ್ಯ’ವೇ ಮೇಲೆಂದು ನನಗೆ ತೋರುತ್ತದೆ.

ಇನ್ನು ರೇಸ್. ‘ಯುವಜನಾಂಗ’, ‘ಹಿಂದುಳಿದ ಜನಾಂಗ’ ಎನ್ನುವಾಗ ನಮ್ಮ ‘ಜನಾಂಗ’ ಸಡಿಲವಾದ ಪದ. ಆದರೆ ವೈದ್ಯಕೀಯ ಬರಹದಲ್ಲಿ ಬಂದೊಡನೆ ಅದು ರಕ್ತದ, ಮೈಕಟ್ಟಿನ ಭೇದವೆಂಬಂತೆ ಕೇಳಿಸುತ್ತದೆ. ಈ ಅಪಾಯ ಸಣ್ಣದಲ್ಲ. ವರ್ಜೀನಿಯ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿ ವೈದ್ಯರ ಪೈಕಿ ಸುಮಾರು ಅರ್ಧದಷ್ಟು ಮಂದಿ, ಕಪ್ಪುವರ್ಣೀಯರ ಚರ್ಮ ಹೆಚ್ಚು ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿದ್ದರು. ಅಂಥವರು ಕಪ್ಪುವರ್ಣೀಯ ರೋಗಿಯ ನೋವನ್ನು ಕಡಿಮೆಯೆಂದು ಅಂದಾಜಿಸಿದ್ದರು. ಆದ್ದರಿಂದ ಮೊದಲ ಸಲ ಬಳಸುವಾಗ ‘ಜನಾಂಗವೆಂಬ ಸಾಮಾಜಿಕ ವರ್ಗೀಕರಣ’ ಎಂದು ಬಿಡಿಸಿ ಬರೆದು, ಮುಂದೆ ‘ಜನಾಂಗ’ ಎಂದಷ್ಟೇ ಬಳಸಬಹುದೇ?

ಮೂರನೆಯ ಪದವಾದ ಹೆಲ್ತ್ ಇನ್‌ಇಕ್ವಿಟಿಗೆ, ಅಂದರೆ ತಪ್ಪಿಸಬಹುದಾದ, ಅನ್ಯಾಯದ ಆರೋಗ್ಯ ವ್ಯತ್ಯಾಸಕ್ಕೆ, ಹೊಂದುವ ರೂಪ ನನಗಿನ್ನೂ ಸಿಕ್ಕಿಲ್ಲ. ಎಳೆಯರಿಗಿಂತ ವೃದ್ಧರಿಗೆ ಹೃದ್ರೋಗ ಹೆಚ್ಚು ಬರುವುದೂ ‘ಅಸಮಾನತೆ’ಯೇ. ಅಮೆರಿಕದಲ್ಲಿ ಕಪ್ಪುವರ್ಣೀಯ ತಾಯಂದಿರ ಹೆರಿಗೆ ಸಂಬಂಧಿತ ಸಾವಿನ ಪ್ರಮಾಣ ಬಿಳಿಯರದಕ್ಕಿಂತ ಸುಮಾರು ಮೂರು ಪಟ್ಟು ಇರುವುದಾದರೋ ತಪ್ಪಿಸಬಹುದಾದದ್ದು, ಅನ್ಯಾಯದ್ದು. ‘ಆರೋಗ್ಯ ಅಸಮಾನತೆ’ ಎಂದರೆ ಈ ಅರ್ಥ ಹೊಮ್ಮದು. ‘ಆರೋಗ್ಯ ಅನ್ಯಾಯ’ ಎಂದರೆ ಅಂಕಿಅಂಶಗಳ ಜೊತೆ ಹೊಂದಿಕೊಳ್ಳದು. ಸಾರ್ವಜನಿಕ ಆರೋಗ್ಯದ ಕನ್ನಡ ಬರಹಗಳಲ್ಲಿ ಈ ಅರ್ಥಕ್ಕೆ ನೆಲೆನಿಂತ ಪದವೇನಾದರೂ ಇದ್ದರೆ, ಪ್ರಯೋಗದ ವಾಕ್ಯವೊಂದರ ಸಹಿತ ತಿಳಿಸಬೇಕೆಂದು ಕೋರುತ್ತೇನೆ.