ಮದ್ದಳೆಯ ಎಡವೂ ಬೇಕು, ಭಾಗವತರ ಅಕ್ಷರವೂ ಬೇಕು: ಯಾವ ಹೆಡ್‌ಫೋನ್ ತಗೊಳ್ಳಲಿ?

ತೋಟದಮನೆ (ಶಿರಸಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದು ಒಳಗೆ ತಿರುಗಿದರೆ ನಮ್ಮನೆ. ಅಪ್ಪಯ್ಯನ ಹತ್ತಿರ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ, ಭಾಗವತರು ಪದ್ಯ ಹಾಡಿ, ಉಳಿದವರು ಕೂತು ಪಾತ್ರದ ಮಾತು ಅಂದರೆ "ಅರ್ಥ" ಹೇಳುವ ಯಕ್ಷಗಾನ) 61 ಕ್ಯಾಸೆಟ್ ಇವೆ. 1983ರಿಂದ ಹತ್ತು-ಹನ್ನೆರಡು ವರ್ಷ ಊರೂರು ತಿರುಗಿ, ಟೇಪ್‌ರೆಕಾರ್ಡರನ್ನು ಭಾಗವತರ ಎದುರಿಗೇ ಇಟ್ಟು ರೆಕಾರ್ಡ್ ಮಾಡಿಕೊಂಡದ್ದು. ಈ ಮಳೆಗಾಲದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಮುಗಿಸಬೇಕು ಅಂತ ಹಠ ಹಿಡಿದಿದ್ದೇನೆ. ಅಡಿಕೆ ಕೊನೆ ಕೊಯ್ಲು ಶುರುವಾದರೆ ಮತ್ತೆ ಪುರುಸೊತ್ತು ಸಿಗುವುದು ಬೇಸಿಗೆಗೇ. ಕೆಲವು ಕ್ಯಾಸೆಟ್ಟಿಗೆ ಆಗಲೇ ಬೂಷ್ಟು ಹಿಡಿದಿದೆ.

ಈ ಕೆಲಸಕ್ಕೆ ಅಂತಲೇ ಹೋದ ತಿಂಗಳು ಒಂದು ಹೆಡ್‌ಫೋನ್ ತಂದೆ. ಅಂಗಡಿಯವರು "ಬೇಸ್ ಚೆನ್ನಾಗಿದೆ, ಡ್ರಮ್ ಎಲ್ಲ ಎದೆಗೇ ಬಡಿಯುತ್ತದೆ" ಅಂದರು. ಬಡಿಯುವುದು ಹೌದು. ಮನೆಗೆ ತಂದು ಒಂದು ಕ್ಯಾಸೆಟ್ ಹಾಕಿದರೆ ಮದ್ದಳೆಯ ಎಡದ ಪೆಟ್ಟು ಗುಂ... ಎಂದು ಎದ್ದು ಬಂತು. ಆದರೆ ಅದರ ಹಿಂದೆ ಭಾಗವತರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ! ಪದ್ಯದಲ್ಲಿ "ತಡೆ"ಯೋ "ಕಡೆ"ಯೋ ಗೊತ್ತಾಗುವುದಿಲ್ಲ. ಅರ್ಥ ಹೇಳುವವರ ಮಾತಿನಲ್ಲಿ "ಸ" ಮತ್ತು "ಶ" ಎರಡೂ ಒಂದೇ.

ಹಾಗಂತ ಹಳೆಯ ಫೋನಿನ ಜೊತೆ ಬಂದಿದ್ದ ಇಯರ್‌ಫೋನ್ ಹಾಕಿ ಕೇಳಿದೆ. ಮಾತು ಸ್ಪಷ್ಟ. ಆದರೆ ಮದ್ದಳೆ ತಗಡಿನ ಡಬ್ಬ ಬಡಿದ ಹಾಗೆ. ಬಲಮುಚ್ಚಿಗೆಯ ನಾದ ಮಾತ್ರ ಉಳಿದು, ಎಡ ಪೂರ್ತಿ ಮಾಯ. ಮದ್ದಳೆಯ ಎಡ ಕೇಳದೇ ಇದ್ದರೆ ಪದ್ಯಕ್ಕೆ ನೆಲವೇ ಇಲ್ಲ ಅನ್ನಿಸುತ್ತದೆ ನನಗೆ.

ಇನ್ನೊಂದು ಸಂಗತಿ. ಇಳಿಸಿದ್ದನ್ನು ಅಪ್ಪಯ್ಯನೂ ಕೇಳಬೇಕು. ವಯಸ್ಸು 76, ಕನ್ನಡಕ ಇದೆ. "ಸದ್ದು ಕೇಳ್ತದೆ, ಶಬ್ದ ಬಿಡಿಸಲಿಕ್ಕೆ ಆಗೂದಿಲ್ಲ" ಅನ್ನುತ್ತಾನೆ. ಅವನಿಗೂ ಹೊಂದುವಂಥದ್ದು ಇದ್ದರೆ ಹೇಳಿ. 8–9 ಸಾವಿರದವರೆಗೆ ಹಾಕಬಲ್ಲೆ. ತಂತಿಯದೋ ಬ್ಲೂಟೂತ್‌ದೋ ಅದೂ ಗೊತ್ತಿಲ್ಲ. ಬೇಸ್ ಮತ್ತು ಸ್ಪಷ್ಟತೆ ಎರಡೂ ಒಂದರಲ್ಲೇ ಸಿಗುತ್ತದೋ, ಅಥವಾ ಒಂದನ್ನು ಬಿಟ್ಟೇ ಇನ್ನೊಂದೋ?

ಮೈಕ್‌ಸೆಟ್ ಕುಮಟಾ ಬರೆದದ್ದು:

ಎರಡೂ ಒಟ್ಟಿಗೆ ಸಿಗ್ತದೆ ಮಾರಾಯ್ರೇ. ನಾನು ಇಪ್ಪತ್ತೆರಡು ವರ್ಷದಿಂದ ಯಕ್ಷಗಾನದ ಆಟಕ್ಕೆ, ತಾಳಮದ್ದಳೆಯ ಕೂಟಕ್ಕೆ ಮೈಕ್ ಹಾಕುವವ. ನಿಮ್ಮ ತೊಂದರೆ ನನಗೆ ರಂಗಸ್ಥಳದಲ್ಲಿ ದಿನಾ ಎದುರಾಗುವಂಥದ್ದೇ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ತಗ್ಗಿನ ಸದ್ದು ಜೋರಾದರೆ ತನಗಿಂತ ಮೇಲಿನ ಸದ್ದನ್ನು ಮುಚ್ಚಿಹಾಕ್ತದೆ. ಕಿವಿಯ ಸ್ವಭಾವವೇ ಹಾಗೆ. ನಮಗೆ ಕೇಳುವುದು ಹೆಚ್ಚುಕಡಿಮೆ 20ರಿಂದ 20,000 ಹರ್ಟ್ಜ್ (ಸೆಕೆಂಡಿಗೆ ಇಷ್ಟು ಕಂಪನ ಅಂತ ಲೆಕ್ಕ). ಮದ್ದಳೆಯ ಗುಂ ಇರುವುದು ಇದರ ಬುಡದಲ್ಲಿ. ಸ, ಶ, ತ, ಕ ಅನ್ನುವ ಅಕ್ಷರಗಳ ಗುರುತು ಸಿಗುವುದು 2,000 ಹರ್ಟ್ಜ್‌ನಿಂದ ಮೇಲೆ. ಇವೆರಡೂ ಒಂದಕ್ಕೊಂದು ದೂರ. ನಡುವೆ 200–300ರ ಜಾಗ ಉಂಟಲ್ಲ, ಕೆಡುಕೆಲ್ಲ ಅಲ್ಲೇ. "ಎಕ್ಸ್‌ಟ್ರಾ ಬೇಸ್" ಅಂತ ಮಾರುವ ಅಗ್ಗದ ಹೆಡ್‌ಫೋನುಗಳಲ್ಲಿ ಬುಡದ ಜೊತೆ ಈ ನಡುವನ್ನೂ ಉಬ್ಬಿಸಿರ್ತಾರೆ. ಕೇಳಿದ ಕೂಡಲೇ ದಪ್ಪ ಅನ್ನಿಸ್ತದೆ, ಆದರೆ ಹಾಡುವವನ ಗಂಟಲು ಮುಚ್ಚಿಹೋಗ್ತದೆ. ನಿಮ್ಮ ಕಂಬಳಿ ಅದೇ.

ಒಳ್ಳೆಯ ಬೇಸ್ ಅಂದರೆ 100 ಹರ್ಟ್ಜ್‌ನ ಕೆಳಗೆ ಎತ್ತಿ, 200–300ರಲ್ಲಿ ಸುಮ್ಮನಿರುವುದು. ಪೆಟ್ಟು ಬಿದ್ದು ಕೂಡಲೇ ನಿಲ್ಲಬೇಕು. ಒಂದು ಪೆಟ್ಟಿನ ಬಾಲ ಇನ್ನೊಂದರ ತಲೆಗೆ ತಾಗಬಾರದು. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಅವರು ಹಾಕುವ ಡಿಜೆ ಹಾಡು ಬಿಟ್ಟು, ನಿಮ್ಮದೇ ಫೋನಿನಲ್ಲಿ ಮದ್ದಳೆಯ ತ್ವರಿತ ನಡೆ ಇರುವ ಪದ್ಯ ಹಾಕಿ. ಬೆರಳುಬೆರಳಿನ ಪೆಟ್ಟು ಎಣಿಸಲಿಕ್ಕೆ ಆದರೆ ಅದನ್ನು ತಗೊಳ್ಳಿ.

ನಿಮ್ಮ ಕೆಲಸಕ್ಕೆ ತಂತಿಯದೇ, ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಬಂದ್ ಇರುವಂಥದ್ದೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ಒಂಚೂರು ತಡವಾಗಿ ಬರ್ತದೆ, ಕತ್ತರಿಸುವ ಜೋಡಿಸುವ ಕೆಲಸಕ್ಕೆ ಅದು ಕಿರಿಕಿರಿ. ಹಿಂಬದಿ ತೆರೆದಿರುವ ಮಾದರಿಗಳು ಮಾತಿಗೆ ಬಹಳ ಚೆಂದ, ಆದರೆ ಬುಡದ ಬೇಸ್ ಅವುಗಳಲ್ಲಿ ಸಾಮಾನ್ಯವಾಗಿ ಕಮ್ಮಿ. ಮೇಲಿಂದ ನಿಮ್ಮ ಹಂಚಿನ ಮನೆಯ ಮಳೆ ಸದ್ದೂ ಒಳಗೆ ಬರ್ತದೆ.

ನನ್ನ ಕಿವಿಯಲ್ಲಿ ಇರುವುದು ಸೋನಿ ಎಂಡಿಆರ್-7506. 1991ರಿಂದ ಇರುವ ಮಾದರಿ, ಸ್ಟುಡಿಯೋಗಳಲ್ಲಿ ಬಹಳ ಬಳಕೆ. ಅಕ್ಷರ ಕತ್ತರಿಸಿ ಇಟ್ಟ ಹಾಗೆ ಕೇಳ್ತದೆ. ಆದರೂ ನಿಮಗೆ ಇದನ್ನು ಹೇಳುವುದಿಲ್ಲ. ಮೇಲಿನ ಸ್ವರ ಇದರಲ್ಲಿ ಚೂಪು. ಹಳೆಯ ಕ್ಯಾಸೆಟ್ಟಿನ ಉಸ್ ಅನ್ನುವ ಸದ್ದೂ ಅಷ್ಟೇ ಚೂಪಾಗಿ, ಅರ್ಧ ಗಂಟೆಗೆ ತಲೆ ಹಿಡಿದುಬಿಡ್ತದೆ. ನಿಮಗೆ ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ40ಎಕ್ಸ್ ಹೊಂದ್ತದೆ. ಒಳಗಿನ ಸ್ಪೀಕರ್, ಅಂದರೆ ಡ್ರೈವರ್, 40 ಮಿ.ಮೀ.; ವಿದ್ಯುತ್ತಿಗೆ ಒಡ್ಡುವ ತಡೆ ಬರೀ 35 ಓಮ್. ಲ್ಯಾಪ್‌ಟಾಪಿಗೆ ಸೀದಾ ಸಿಕ್ಕಿಸಿದರೂ ನಡೆಯುತ್ತದೆ, ಬೇರೆ ಆಂಪ್ಲಿಫೈಯರ್ ಬೇಡ. ತಂತಿ ಬಿಚ್ಚಿ ಬೇರೆ ಹಾಕಬಹುದು. ಇದರ ಅಣ್ಣ ಎಂ50ಎಕ್ಸ್‌ನಲ್ಲಿ ಬೇಸ್ ಇನ್ನೂ ಮೇಲೆ, ಬೆಲೆಯೂ ಮೇಲೆ. ಮಾತಿನ ಕೆಲಸಕ್ಕೆ ನನಗೆ 40ರ ಸಮತೋಲನವೇ ಇಷ್ಟ.

ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ಕೂಡ ನಮ್ಮ ಮಂದಿ ಕೇಳ್ತಾರೆ. ಗಟ್ಟಿ ಬೇಸ್, ಮೆತ್ತನೆಯ ಬಟ್ಟೆಯ ಕುಶನ್. ಬಜೆಟ್ ದಾಟ್ತದೆ. ತಗೊಳ್ಳುವವರು 32, 80, 250 ಓಮ್ ಅಂತ ಮೂರು ಬಗೆ ಇವೆ ಅನ್ನುವುದು ನೋಡಿಕೊಳ್ಳಿ. 250ರದ್ದು ಫೋನಿಗೆ ಸಿಕ್ಕಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ.

ಕಾಳಿ ದಂಡೆ (ಕಾರವಾರ) ಬರೆದದ್ದು:

ಮೇಲಿನವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸ್ತೇನೆ: ಕುಶನ್. ನಮ್ಮ ಉಪ್ಪುಗಾಳಿ, ಬೆವರು, ನಿಮ್ಮ ಘಟ್ಟದ ಥಂಡಿ, ಎರಡೂ ಆ ನಕಲಿ ಚರ್ಮಕ್ಕೆ ವೈರಿ. ನನ್ನದು ಎರಡು ಮಳೆಗಾಲಕ್ಕೆ ಹಪ್ಪಳದಂತೆ ಎದ್ದು ಕರಿ ಚೂರು ಕಿವಿಗೆಲ್ಲ ಮೆತ್ತುತ್ತಿತ್ತು. ಜೊತೆಗೇ ಬೇಸೂ ಹೋಯಿತು. ಹೆಡ್‌ಫೋನ್ ಕೆಟ್ಟಿತು ಅಂದುಕೊಂಡಿದ್ದೆ. ಹೊಸ ಕುಶನ್ ಹಾಕಿದ ಮೇಲೆ ಬೇಸ್ ವಾಪಸ್. ಕುಶನ್ ಮತ್ತು ತಲೆಯ ನಡುವೆ ಸಂದಿ ಬಿದ್ದರೆ ತಗ್ಗಿನ ಸದ್ದೇ ಮೊದಲು ಸೋರಿಹೋಗುವುದು.

ನಿಮ್ಮ ತಂದೆಯವರಿಗೆ ಕನ್ನಡಕ ಅಂದಿರಲ್ಲ, ಅದರ ಕಡ್ಡಿಯೂ ಇದೇ ಕೆಲಸ ಮಾಡುತ್ತದೆ. ಕನ್ನಡಕ ತೆಗೆದು ಕೇಳಿಸಿ ನೋಡಿ. ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಭದ್ರ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಹೊಳೆಯಾಚೆ (ಸಿದ್ದಾಪುರ) ಬರೆದದ್ದು:

ಭಾವ, ಹೆಡ್‌ಫೋನಿಗೆ ದುಡ್ಡು ಹಾಕುವ ಮೊದಲು ಟೇಪ್‌ರೆಕಾರ್ಡರಿನ ಹೆಡ್ (ಟೇಪಿನಿಂದ ಸದ್ದು ಓದುವ ಭಾಗ) ನೋಡು. ನಾನೂ ಇದೇ ಕೆಲಸಕ್ಕೆ ಕೈಹಾಕಿ ಮೂರು ತಿಂಗಳು ಹಾಳು ಮಾಡಿಕೊಂಡವನು, ನಿನಗೆ ಹಾಗಾಗುವುದು ಬೇಡ.

ಹೆಡ್ಡಿಗೆ ಕಂದು ಪುಡಿ ಹಿಡಿದಿದ್ದರೆ ಮೇಲಿನ ಸ್ವರ ಬರುವುದೇ ಇಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಮೆಡಿಕಲ್ ಅಂಗಡಿಯಲ್ಲಿ ಕೇಳು. ಹತ್ತಿಕಡ್ಡಿ ಅದ್ದಿ, ಕಡ್ಡಿ ಬೆಳ್ಳಗೆ ಬರುವವರೆಗೆ ಹೆಡ್ ಒರೆಸು. ರಬ್ಬರ್ ಗಾಲಿಗೆ ಅದನ್ನು ಸುರಿಯಬೇಡ, ರಬ್ಬರ್ ಒಣಗುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸಾಕು.

ಇನ್ನು ಮುಖ್ಯದ್ದು. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಡ್ ಎಷ್ಟು ಓರೆ ಕೂರಬೇಕು ಅನ್ನುವುದು ಅದರಲ್ಲಿ. ನಿನ್ನ ಅಪ್ಪಯ್ಯ ರೆಕಾರ್ಡ್ ಮಾಡಿದ ಮಶಿನ್ನೇ ಬೇರೆ, ಈಗ ಹಾಕುವುದೇ ಬೇರೆ. ಎರಡರ ಓರೆ ಒಂದೇ ಇಲ್ಲದಿದ್ದರೆ ಅಕ್ಷರ ಮಂಕಾಗುತ್ತದೆ. ಬೇಸ್‌ಗೆ ಏನೂ ಆಗುವುದಿಲ್ಲ, ಅದಕ್ಕೇ ನಾವು ಹೆಡ್‌ಫೋನನ್ನು ಬೈಯುವುದು! ಸ್ಕ್ರೂವಿನ ಈಗಿನ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕು. ಎರಡೂ ಚಾನೆಲ್ ಸೇರಿಸಿ ಮೋನೊ ಮಾಡಿಕೊಂಡು, ಕೈತಾಳದ ಸದ್ದು ಕೇಳುತ್ತಾ ಕಡ್ಲೆಬೇಳೆಯಷ್ಟು ಆಚೆ ಈಚೆ ತಿರುಗಿಸು. ತಾಳ ಒಮ್ಮೆಲೇ ಹೊಳೆದು ಬರುವ ಜಾಗ ಒಂದು ಸಿಗುತ್ತದೆ, ಅಲ್ಲಿ ಬಿಡು. ಪ್ರತಿ ಕ್ಯಾಸೆಟ್ಟಿಗೂ ಇದು ಬೇರೆ ಇರಬಹುದು.

ಬೂಷ್ಟು ಹಿಡಿದವನ್ನು ಬೇರೆ ಇಡು, ಒಳ್ಳೆಯ ಮಶಿನ್ನಿಗೆ ಹಾಕಬೇಡ, ಬೂಷ್ಟು ಉಳಿದವಕ್ಕೂ ದಾಟುತ್ತದೆ. ಇಳಿಸುವಾಗ 24 ಬಿಟ್, 48 ಕಿಲೋಹರ್ಟ್ಜ್ ವೇವ್ ಫೈಲ್. ಆ ಮೂಲ ಫೈಲಿಗೆ ಬೇಸ್ ಎತ್ತುವುದು, ಉಸ್ ತೆಗೆಯುವುದು ಏನೂ ಮಾಡಬೇಡ. ಮಾಡುವುದಿದ್ದರೆ ಪ್ರತಿಯಲ್ಲಿ.

ಕಿವಿಯ ಹುಡುಗಿ (ಹೊನ್ನಾವರ) ಬರೆದದ್ದು:

ನಾನು ಶ್ರವಣ ಪರೀಕ್ಷೆಯ ಕೆಲಸದಲ್ಲಿ ಇರುವವಳು. "ಸದ್ದು ಕೇಳ್ತದೆ, ಶಬ್ದ ಬಿಡಿಸಲಿಕ್ಕೆ ಆಗೂದಿಲ್ಲ" ಅನ್ನುವ ಮಾತನ್ನು ಹಿರಿಯರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ವಯಸ್ಸಾದಂತೆ ಮೊದಲು ಕಮ್ಮಿಯಾಗುವುದು ಮೇಲಿನ ಸ್ವರ. ಬೇಸ್ ಅವರಿಗೆ ನಿಮ್ಮಷ್ಟೇ ಕೇಳುತ್ತಿರಬಹುದು, ಹೋಗಿರುವುದು ಅಕ್ಷರ. ಹಾಗಾಗಿ ಬೇಸ್ ಜಾಸ್ತಿ ಇರುವ ಹೆಡ್‌ಫೋನ್ ಅವರಿಗೆ ಇನ್ನೂ ಕಷ್ಟ. ನಿಮಗೆ ಒಂದು ಫೈಲ್, ಅವರಿಗೆ 2,000ದಿಂದ 4,000 ಹರ್ಟ್ಜ್ ಸ್ವಲ್ಪ ಎತ್ತಿದ ಇನ್ನೊಂದು ಫೈಲ್ ಮಾಡಿಕೊಡಿ.

ವಾಲ್ಯೂಮ್ ಏರಿಸಿ ಸರಿಮಾಡಲು ಹೋಗಬೇಡಿ, ದಯವಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಇದು ನಿಮಗೂ ಅನ್ವಯ, ದಿನವಿಡೀ ಹೆಡ್‌ಫೋನ್ ಹಾಕಿ ಕೂರುವವರು ನೀವು. ಮತ್ತೆ ಒಮ್ಮೆ ಅವರ ಕಿವಿ ಪರೀಕ್ಷೆ ಮಾಡಿಸಿ. ಬರೀ ಗುಗ್ಗೆ ಕೂತಿದ್ದರೂ ಹೀಗೆ ಆಗುವುದುಂಟು.

ತೋಟದಮನೆ (ಶಿರಸಿ) ಮತ್ತೆ ಬರೆದದ್ದು:

ಎಲ್ಲರಿಗೂ ಉಪಕಾರ ಆಯಿತು. ಮೂರು ವಾರದ ನಂತರ ಬರೆಯುತ್ತಿದ್ದೇನೆ, ಅಡಿಕೆಗೆ ಕೊಳೆಮದ್ದು ಹೊಡೆಸುವ ಗಡಿಬಿಡಿಯಲ್ಲಿದ್ದೆ.

ಭಾವ ಹೇಳಿದ ಹಾಗೆ ಮೊದಲು ಹೆಡ್ ಒರೆಸಿದೆ. ಏಳು ಹತ್ತಿಕಡ್ಡಿ ಕಂದಾದವು, ಎಂಟನೆಯದು ಬೆಳ್ಳಗೆ ಬಂತು. ಸ್ಕ್ರೂ ಕಾಲು ಸುತ್ತೂ ತಿರುಗಿಸಲಿಲ್ಲ, ತಾಳ ಹೊಳೆಯಿತು ನೋಡಿ. ಹಳೆಯ ದಪ್ಪ ಬೇಸಿನ ಹೆಡ್‌ಫೋನಿನಲ್ಲೂ ಅಕ್ಷರ ಅರ್ಧಕ್ಕರ್ಧ ತೆರೆದುಕೊಂಡಿತು.

ಆಮೇಲೆ ಎಂ40ಎಕ್ಸ್ ತರಿಸಿದೆ. ಮೊದಲ ದಿನ ಬೇಸ್ ಕಮ್ಮಿ ಅನ್ನಿಸಿ ಸ್ವಲ್ಪ ಬೇಜಾರಾಗಿತ್ತು. ನಾಲ್ಕು ದಿನಕ್ಕೆ ಕಿವಿ ಹೊಂದಿಕೊಂಡಿತು. ಈಗ ಎಡದ ಪೆಟ್ಟು ಬಿದ್ದದ್ದು, ಅಂಗೈ ಒತ್ತಿ ಅದನ್ನು ನಿಲ್ಲಿಸಿದ್ದು, ಎರಡೂ ಬೇರೆ ಬೇರೆ ಕೇಳುತ್ತದೆ. ಹಳೆಯದರಲ್ಲಿ ಅದೆಲ್ಲ ಸೇರಿ ಒಂದೇ ಗುಂ ಆಗಿತ್ತು. 1986ರ ಒಂದು ಕ್ಯಾಸೆಟ್ಟಿನಲ್ಲಿ ಎರಡು ಪದ್ಯಗಳ ನಡುವೆ, ಅರ್ಥ ನಡೆಯುತ್ತಿರುವಾಗಲೇ, ಹಿಂದೆ ಯಾರೋ ಮೆಲ್ಲಗೆ ಟಕ್ ಟಕ್ ಅಂತ ಮದ್ದಳೆಯನ್ನು ಶ್ರುತಿಗೆ ಕೂರಿಸುವುದು ಸಹಿತ ಕೇಳುತ್ತದೆ. ಇಷ್ಟು ವರ್ಷ ಈ ಕ್ಯಾಸೆಟ್ ಕೇಳಿದ್ದೇನೆ, ಒಮ್ಮೆಯೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಪ್ಪಯ್ಯನಿಗೆ ಪರೀಕ್ಷೆ ಮಾಡಿಸಿದೆ. ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ತೆಗೆಸಿದ್ದಾಯಿತು. ಮೇಲಿನ ಸ್ವರ ಕಮ್ಮಿಯಾಗಿರುವುದೂ ನಿಜವೇ ಅಂದರು. ಅವನಿಗಾಗಿ 3,000 ಹರ್ಟ್ಜ್ ಸುತ್ತ ಎತ್ತಿ ಬೇರೆ ಪ್ರತಿ ಮಾಡಿದೆ. ಕನ್ನಡಕ ತೆಗೆದು, ಜಗಲಿಯ ಮಂಚದ ಮೇಲೆ ಕೂತು ಕರ್ಣನ ಅರ್ಥ ಒಂದು ಬದಿ ಪೂರ್ತಿ ಕೇಳಿದ. ನಡುವೆ ನನ್ನ ಕೈ ಹಿಡಿದು ನಿಲ್ಲಿಸಿ, ನಾನು ಕ್ಯಾಸೆಟ್ಟಿನ ಮೇಲೆ ಬರೆದ ಭಾಗವತರ ಹೆಸರು ತಪ್ಪು ಅಂದ. ಆ ದಿನ ಅವರು ಬಂದಿರಲಿಲ್ಲವಂತೆ, ಬದಲಿಗೆ ಬಂದು ಹಾಡಿದವರು ಬೇರೆಯವರಂತೆ. ಚೀಟಿ ತಿದ್ದಿದ್ದೇನೆ.

19 ಮುಗಿದಿವೆ, ಇನ್ನು 42. ಬೂಷ್ಟು ಹಿಡಿದ ಐದನ್ನು ಬೇರೆ ಡಬ್ಬದಲ್ಲಿ ಇಟ್ಟಿದ್ದೇನೆ. ಭಾವ, ಅವಕ್ಕೆ ನೀನು ಏನು ಮಾಡಿದೆ?